ಬಗ್ಗುವ ತಂತಿ ಮತ್ತು ಯಾರ ಸ್ವತ್ತೂ ಅಲ್ಲದ ಎಲೆಕ್ಟ್ರಾನ್

ಕೆಟ್ಟುಹೋದ ಕೇಬಲ್ ಒಂದನ್ನು ಬಿಸಾಡುವ ಮುಂಚೆ ಅದರ ಪ್ಲಾಸ್ಟಿಕ್ ಸುಲಿದು ಒಳಗಿನ ತಾಮ್ರದ ತಂತಿಯನ್ನು ಕೈಗೆ ತೆಗೆದುಕೊಂಡೆ. ಬೆರಳಲ್ಲೇ ಬಗ್ಗಿಸಿದೆ, ಬಗ್ಗಿತು. ಸುತ್ತಿದೆ, ಸುತ್ತಿಕೊಂಡಿತು. ಸುತ್ತಿಗೆಯಿಂದ ಒಂದೇಟು ಹಾಕಿದೆ, ಚಪ್ಪಟೆಯಾಯಿತು. ಒಡೆಯಲಿಲ್ಲ. ಪಕ್ಕದಲ್ಲಿ ಕಲ್ಲುಪ್ಪಿನ ಹರಳೊಂದನ್ನು ಇಟ್ಟು ಅದೇ ಸುತ್ತಿಗೆಯಿಂದ ಅಷ್ಟೇ ಜೋರಾಗಿ ಹೊಡೆದೆ. ಪುಡಿಪುಡಿ.

ಎರಡೂ ಘನವಸ್ತುಗಳೇ. ಎರಡರಲ್ಲೂ ಪರಮಾಣುಗಳು ಸಾಲುಸಾಲಾಗಿ, ಅಚ್ಚುಕಟ್ಟಾಗಿ ಕೂತಿವೆ. ಎರಡರಲ್ಲೂ ಅವುಗಳನ್ನು ಹಿಡಿದಿಟ್ಟಿರುವುದು ವಿದ್ಯುತ್ತಿನ ಸೆಳೆತವೇ. ಆದರೂ ಒಂದು ಪೆಟ್ಟು ತಿಂದು ಆಕಾರ ಬದಲಿಸುತ್ತದೆ, ಇನ್ನೊಂದು ಸಿಡಿಯುತ್ತದೆ. ಯಾಕೆ? ಶಾಲೆಯಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರ ಕಲಿತಿದ್ದೆವು: ಲೋಹಗಳಲ್ಲಿ ಎಲೆಕ್ಟ್ರಾನ್‌ಗಳ ಸಾಗರ ಇರುತ್ತದೆ. ನಾನೂ ಅದನ್ನು ಬಾಯಿಪಾಠ ಮಾಡಿ, ಬರೆದು, ಅಂಕ ತೆಗೆದುಕೊಂಡವನೇ. ಆದರೆ ಆ ಸಾಗರ ಯಾಕಿದೆ, ಅದು ಪರಮಾಣುಗಳನ್ನು ಹೇಗೆ ಅಂಟಿಸುತ್ತದೆ ಅಂತ ಆಗ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಕೂಡದ ಲೆಕ್ಕ

ಪರಮಾಣುಗಳು ಅಂಟಿಕೊಳ್ಳುವ ಎರಡು ದಾರಿ ನಮಗೆಲ್ಲ ಗೊತ್ತಿದೆ. ಒಂದು, ಕೊಟ್ಟು ತೆಗೆದುಕೊಳ್ಳುವುದು. ಉಪ್ಪಿನಲ್ಲಿ ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ. ಕೊಟ್ಟದ್ದು ಧನ ಅಯಾನು, ಅಂದರೆ ಧನ ಆವೇಶದ ಪರಮಾಣು ಆಗುತ್ತದೆ, ಪಡೆದದ್ದು ಋಣ ಅಯಾನು. ಎರಡರ ನಡುವೆ ಸೆಳೆತ. ಇದು ಅಯಾನಿಕ ಬಂಧ. ಇನ್ನೊಂದು, ಹಂಚಿಕೊಳ್ಳುವುದು. ವಜ್ರದಲ್ಲಿ ಪ್ರತಿ ಕಾರ್ಬನ್ ಪರಮಾಣುವೂ ನಾಲ್ಕು ನೆರೆಯವರ ಜೊತೆ ಒಂದೊಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡಿರುತ್ತದೆ. ಇದು ಸಹವೇಲೆನ್ಸೀಯ ಬಂಧ.

ಈಗ ಇವೆರಡನ್ನೂ ತಾಮ್ರಕ್ಕೆ ಹಚ್ಚಿ ನೋಡಿ. ತಾಮ್ರದ ತುಂಡಿನಲ್ಲಿ ಇರುವುದೆಲ್ಲ ತಾಮ್ರವೇ. ಎಲೆಕ್ಟ್ರಾನ್ ಬಿಟ್ಟುಕೊಡಲು ಎಲ್ಲರೂ ತಯಾರು, ತೆಗೆದುಕೊಳ್ಳುವವರು ಯಾರೂ ಇಲ್ಲ. ಮೊದಲ ದಾರಿ ಮುಚ್ಚಿತು. ಎರಡನೆಯದು? ತಾಮ್ರದೊಳಗೆ ಪ್ರತಿ ಪರಮಾಣುವಿಗೂ ಮೈಗೆ ಮೈ ತಾಗಿಸಿಕೊಂಡು 12 ನೆರೆಯವರಿದ್ದಾರೆ. ಹೊರಕವಚದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಒಂದನ್ನು ಇಟ್ಟುಕೊಂಡು 12 ಜನರ ಜೊತೆ ಜೋಡಿ ಕಟ್ಟುವುದು ಹೇಗೆ? ಸೋಡಿಯಂ ಲೋಹದಲ್ಲೂ ಇದೇ ಕಥೆ: ನೆರೆಯವರು 8, ಎಲೆಕ್ಟ್ರಾನ್ 1. ಲೆಕ್ಕ ಕೂಡುವುದೇ ಇಲ್ಲ.

ಕೊರತೆ ಇರುವುದು ಎಲೆಕ್ಟ್ರಾನ್‌ಗಳಿಗೆ ಮಾತ್ರ, ಜಾಗಕ್ಕಲ್ಲ ಎನ್ನುವುದನ್ನೂ ಗಮನಿಸಿ. ಲೋಹದ ಪರಮಾಣುವಿನ ಹೊರಕವಚದಲ್ಲಿ ತುಂಬಿದ ಸೀಟುಗಳಿಗಿಂತ ಖಾಲಿ ಸೀಟುಗಳೇ ಜಾಸ್ತಿ. ಅಲ್ಲಿ ಕೂತಿರುವ ಒಂದೆರಡು ಎಲೆಕ್ಟ್ರಾನ್‌ಗಳ ಮೇಲೆ ನ್ಯೂಕ್ಲಿಯಸ್‌ನ ಹಿಡಿತವೂ ಸಡಿಲ. ಎಲೆಕ್ಟ್ರಾನ್ ಕಡಿಮೆ, ಹಿಡಿತ ಸಡಿಲ, ಸುತ್ತಮುತ್ತ ಎಲ್ಲೆಲ್ಲೂ ಖಾಲಿ ಸೀಟು. ಈ ಮೂರೂ ಸೇರಿದ ಕಡೆ ಲೋಹ ಹುಟ್ಟುತ್ತದೆ.

ಪರಮಾಣುಗಳು ಒಟ್ಟಿಗೆ ಬಂದಾಗ ಜೋಡಿ ಕಟ್ಟುವ ಯೋಚನೆಯನ್ನೇ ಕೈಬಿಡುತ್ತವೆ. ಹೊರಗಿನ ಎಲೆಕ್ಟ್ರಾನ್ ಯಾವ ಪರಮಾಣುವಿಗೂ ಸೇರದೆ ಇಡೀ ತುಂಡಿನಲ್ಲಿ ಹರಡಿಕೊಳ್ಳುತ್ತದೆ. ಅದು ಈಗ ಯಾರ ಸ್ವತ್ತೂ ಅಲ್ಲ. ಹಿಂದೆ ಉಳಿದ ಪರಮಾಣುಗಳು ಧನ ಅಯಾನುಗಳಾಗಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಹೀಗೆ ಒಡೆಯನಿಲ್ಲದ ಎಲೆಕ್ಟ್ರಾನ್‌ಗಳು ಸುಮಾರು 85 ಕೋಟಿ ಕೋಟಿ ಕೋಟಿ. ಮೂರು ಸಲ ಕೋಟಿ. ಅಚ್ಚಿನ ತಪ್ಪಲ್ಲ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು. ಧನ ಅಯಾನುಗಳು ಪಕ್ಕಪಕ್ಕದಲ್ಲಿ ನಿಂತರೆ ಒಂದನ್ನೊಂದು ತಳ್ಳಬೇಕಲ್ವಾ? ಹೌದು, ತಳ್ಳುತ್ತವೆ. ಆದರೆ ಯಾವ ಎರಡು ಅಯಾನುಗಳನ್ನು ತೆಗೆದುಕೊಂಡರೂ ಅವುಗಳ ನಡುವೆ ಋಣ ಆವೇಶದ ಎಲೆಕ್ಟ್ರಾನ್ ಮೋಡ ಇದ್ದೇ ಇರುತ್ತದೆ. ಎರಡೂ ಅಯಾನುಗಳು ಆ ಮೋಡದತ್ತ ವಾಲುತ್ತವೆ. ಹಾಗೆ ವಾಲುವ ಸೆಳೆತ ತಳ್ಳಾಟವನ್ನು ಮೀರಿಸುತ್ತದೆ. ಒಟ್ಟು ಲೆಕ್ಕದಲ್ಲಿ ಧನ, ಋಣ ಸರಿಸಮ. ಹಾಗಾಗಿ ತಂತಿ ಮುಟ್ಟಿದರೆ ಸುಮ್ಮಸುಮ್ಮನೆ ಶಾಕ್ ಹೊಡೆಯುವುದಿಲ್ಲ.

ಎಲೆಕ್ಟ್ರಾನ್‌ಗೆ ಇದರಿಂದ ಏನು ಲಾಭ?

ಇಷ್ಟು ಹೇಳಿ ಸಾಮಾನ್ಯವಾಗಿ ಪಾಠ ಮುಗಿಸುತ್ತಾರೆ. ಆದರೆ ನಿಜವಾದ ಪ್ರಶ್ನೆ ಇನ್ನೂ ಹಾಗೇ ಇದೆ. ಎಲೆಕ್ಟ್ರಾನ್ ತನ್ನ ನ್ಯೂಕ್ಲಿಯಸ್ ಬಿಟ್ಟು ಊರೆಲ್ಲ ಹರಡಿಕೊಳ್ಳಲು ಯಾಕೆ ಒಪ್ಪುತ್ತದೆ? ನನ್ನ ಮಟ್ಟಿಗೆ ಲೋಹಗಳ ಕಥೆಯ ತಿರುಳು ಇಲ್ಲಿದೆ.

ಎಲೆಕ್ಟ್ರಾನ್ ಪುಟ್ಟ ಗೋಲಿಯಲ್ಲ. ಅದು ಅಲೆಯ ಹಾಗೆ ನಡೆದುಕೊಳ್ಳುತ್ತದೆ. ತಂತಿವಾದ್ಯವನ್ನು ನೆನೆಸಿಕೊಳ್ಳಿ. ತಂತಿಯ ಮೇಲೆ ಬೆರಳಿಟ್ಟು ಮಿಡಿಯುವ ಉದ್ದವನ್ನು ಗಿಡ್ಡ ಮಾಡಿದಷ್ಟೂ ಸ್ವರ ಮೇಲೇರುತ್ತದೆ. ಉದ್ದ ಬಿಟ್ಟರೆ ಸ್ವರ ಇಳಿಯುತ್ತದೆ. ಎಲೆಕ್ಟ್ರಾನ್ ಅಲೆಗೂ ಹಾಗೆಯೇ. ಇಕ್ಕಟ್ಟಿನ ಜಾಗದಲ್ಲಿ ಕೂಡಿಹಾಕಿದರೆ ಅದರ ಅಲೆಯುದ್ದ ಗಿಡ್ಡವಾಗುತ್ತದೆ, ಚಲನೆಯ ಶಕ್ತಿ ಏರುತ್ತದೆ. ವಿಶಾಲ ಜಾಗ ಕೊಟ್ಟರೆ ಅಲೆ ಚಾಚಿಕೊಳ್ಳುತ್ತದೆ, ಶಕ್ತಿ ಇಳಿಯುತ್ತದೆ. ಒಂಟಿ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗೆ ಸಿಗುವುದು ಒಂದು ಮೀಟರಿನ ಸಾವಿರ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಜಾಗ. ಲೋಹದಲ್ಲಿ ಕೋಟ್ಯಂತರ ಪರಮಾಣುಗಳಷ್ಟು ಅಂಗಳ.

ಕಡಿಮೆ ಶಕ್ತಿಯ ಸ್ಥಿತಿ ಸಿಕ್ಕಿದರೆ ಪ್ರಕೃತಿ ಅಲ್ಲೇ ಬಂದು ನಿಲ್ಲುತ್ತದೆ. ಪರಮಾಣುಗಳು ದೂರ ಹೋದರೆ ಎಲೆಕ್ಟ್ರಾನ್‌ಗಳು ಮತ್ತೆ ತಮ್ಮ ತಮ್ಮ ಇಕ್ಕಟ್ಟಿನ ಗೂಡಿಗೆ ಮರಳಬೇಕು. ಅದಕ್ಕೆ ಹೊರಗಿನಿಂದ ಶಕ್ತಿ ಕೊಡಬೇಕು. ತಾಮ್ರದ ತುಂಡಿನಿಂದ ಪರಮಾಣುಗಳನ್ನು ಒಂದೊಂದಾಗಿ ಬಿಡಿಸಬೇಕಾದರೆ ಒಂದಕ್ಕೆ ಸುಮಾರು 3.5 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿ ಅಳೆಯುವ ಪುಟ್ಟ ಮಾನ) ಶಕ್ತಿ ತೆರಬೇಕು. ಸೋಡಿಯಂನಲ್ಲಿ ಸುಮಾರು 1.1 ಸಾಕು, ಟಂಗ್‌ಸ್ಟನ್‌ನಲ್ಲಿ 8.9 ಬೇಕು. ಬಿಡಿಸಲು ತೆರಬೇಕಾದ ಈ ಬೆಲೆಯನ್ನೇ ನಾವು ಬಂಧದ ಬಲ ಅನ್ನುತ್ತೇವೆ.

ಹಾಗಾದರೆ ಪರಮಾಣುಗಳು ಇನ್ನೂ ಹತ್ತಿರ ಬಂದು, ಒಂದರೊಳಗೊಂದು ನುಗ್ಗಿ, ಎಲ್ಲ ಕುಸಿದುಹೋಗಬಾರದೇಕೆ? ಅದನ್ನು ತಡೆಯುವುದೂ ಎಲೆಕ್ಟ್ರಾನ್‌ಗಳೇ. 1925ರಲ್ಲಿ ವುಲ್ಫ್‌ಗ್ಯಾಂಗ್ ಪೌಲಿ ಒಂದು ನಿಯಮ ಹೇಳಿದರು: ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ. ಪರಮಾಣುಗಳನ್ನು ಅತಿಯಾಗಿ ಒತ್ತಿದರೆ ಒಳಕವಚಗಳ ಎಲೆಕ್ಟ್ರಾನ್‌ಗಳು ಒಂದರ ಮೇಲೊಂದು ಬೀಳತೊಡಗುತ್ತವೆ. ನಿಯಮ ಅದಕ್ಕೆ ಬಿಡುವುದಿಲ್ಲ. ಶಕ್ತಿ ಗಕ್ಕನೆ ಮೇಲೇರುತ್ತದೆ. ಸೆಳೆತವೂ ತಳ್ಳಾಟವೂ ಸರಿದೂಗುವ ದೂರದಲ್ಲಿ ಪರಮಾಣುಗಳು ನೆಲೆ ನಿಲ್ಲುತ್ತವೆ. ತಾಮ್ರದಲ್ಲಿ ಆ ದೂರ 0.256 ನ್ಯಾನೊಮೀಟರ್.

ಈ ಬಂಧಕ್ಕೆ ದಿಕ್ಕು ಇಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ವಜ್ರದ ಕಾರ್ಬನ್ ತನ್ನ ನಾಲ್ಕು ಕೈಗಳನ್ನು ನಿಗದಿತ ಕೋನದಲ್ಲೇ ಚಾಚುತ್ತದೆ. ಲೋಹದ ಅಯಾನಿಗೆ ಅಂಥ ಹಟವಿಲ್ಲ. ಸುತ್ತ ಎಲ್ಲ ಕಡೆ ಮೋಡ ಇದ್ದರೆ ಸಾಕು. ಹಾಗಾಗಿ ಲೋಹಗಳು ಸಾಧ್ಯವಾದಷ್ಟು ಒತ್ತೊತ್ತಾಗಿ ಕೂರುತ್ತವೆ, ನಿಂಬೆಹಣ್ಣುಗಳನ್ನು ರಾಶಿ ಪೇರಿಸಿದ ಹಾಗೆ. ತಾಮ್ರ, ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗಳಲ್ಲಿ ಒಟ್ಟು ಜಾಗದ ಶೇ. 74 ಭಾಗ ತುಂಬಿರುತ್ತದೆ. ಒಂದೇ ಗಾತ್ರದ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸಲು ಆಗುವುದೇ ಇಲ್ಲ.

ಸಾಗರದ ಚಿತ್ರ ಬಂದದ್ದು, ಕೆಟ್ಟದ್ದು

ಬ್ರಿಟನ್ನಿನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ಮೂರೇ ವರ್ಷಕ್ಕೆ, 1900ರಲ್ಲಿ, ಜರ್ಮನಿಯ ಪಾಲ್ ಡ್ರೂಡ ಒಂದು ಧೈರ್ಯದ ಊಹೆ ಮುಂದಿಟ್ಟರು. ಲೋಹದೊಳಗೆ ಎಲೆಕ್ಟ್ರಾನ್‌ಗಳು ಡಬ್ಬಿಯೊಳಗಿನ ಅನಿಲದ ಕಣಗಳಂತೆ ಅತ್ತಿತ್ತ ಓಡಾಡುತ್ತಿರುತ್ತವೆ, ಅಯಾನುಗಳಿಗೆ ಡಿಕ್ಕಿ ಹೊಡೆಯುತ್ತವೆ, ಮತ್ತೆ ಓಡುತ್ತವೆ ಅಂತ. ಪರಮಾಣುವಿನ ಒಳಗೆ ಏನಿದೆ ಅಂತಲೇ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ನ್ಯೂಕ್ಲಿಯಸ್ ಪತ್ತೆಯಾಗಲು ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಊಹೆ ಬಹಳಷ್ಟು ಕಡೆ ಕೆಲಸ ಮಾಡಿತು. ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವ ಲೋಹ ಶಾಖವನ್ನೂ ಚೆನ್ನಾಗಿ ಸಾಗಿಸುತ್ತದೆ, ಒಂದೇ ಉಷ್ಣತೆಯಲ್ಲಿ ಇವೆರಡರ ಅನುಪಾತ ಹೆಚ್ಚುಕಡಿಮೆ ಎಲ್ಲ ಲೋಹಗಳಲ್ಲೂ ಒಂದೇ ಅಂತ ವೀಡಮನ್ ಮತ್ತು ಫ್ರಾಂಜ್ 1853ರಲ್ಲೇ ಕಂಡುಕೊಂಡಿದ್ದರು. ಕಾರಣ ಗೊತ್ತಿರಲಿಲ್ಲ. ಎರಡನ್ನೂ ಹೊತ್ತೊಯ್ಯುವುದು ಅದೇ ಎಲೆಕ್ಟ್ರಾನ್‌ಗಳು ಅಂತ ಡ್ರೂಡ ಹೇಳಿದಾಗ ಗಂಟು ಬಿಚ್ಚಿತು. ಒಂದೇ ಕೋಣೆಯಲ್ಲಿಟ್ಟ ಉಕ್ಕಿನ ಚಮಚ ಮರದ ಚಮಚಕ್ಕಿಂತ ತಣ್ಣಗೆ ಅನ್ನಿಸುವುದೂ ಇದೇ ಕಾರಣಕ್ಕೆ. ಎರಡರ ಉಷ್ಣತೆಯೂ ಒಂದೇ. ಉಕ್ಕಿನ ಎಲೆಕ್ಟ್ರಾನ್‌ಗಳು ನಿಮ್ಮ ಬೆರಳಿನ ಬಿಸಿಯನ್ನು ಬೇಗಬೇಗ ಎಳೆದೊಯ್ಯುತ್ತವೆ, ಅಷ್ಟೇ.

ಎಲೆಕ್ಟ್ರಾನ್‌ಗಳು ನಿಜಕ್ಕೂ ಬಿಡಿಯಾಗಿ ಇವೆಯೇ ಅಂತ ಪರೀಕ್ಷಿಸಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಟೋಲ್ಮನ್ ಮತ್ತು ಸ್ಟುವರ್ಟ್ 1916ರಲ್ಲಿ ತಂತಿಯ ಸುರುಳಿಯೊಂದನ್ನು ಜೋರಾಗಿ ತಿರುಗಿಸಿ ಗಕ್ಕನೆ ನಿಲ್ಲಿಸಿದರು. ಬಸ್ಸು ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ತಂತಿಯೊಳಗಿನ ಎಲೆಕ್ಟ್ರಾನ್‌ಗಳು ಮುಂದಕ್ಕೆ ನುಗ್ಗಬೇಕು. ನುಗ್ಗಿದವು. ಒಂದು ಕ್ಷಣ ಸಣ್ಣ ವಿದ್ಯುತ್ ಹರಿಯಿತು. ಬ್ಯಾಟರಿ ಇಲ್ಲ, ಆಯಸ್ಕಾಂತದ ಕೆಲಸವೂ ಅಲ್ಲ, ಬರೀ ಬ್ರೇಕ್! ಮುಗ್ಗರಿಸಿದ ಕಣಗಳ ಆವೇಶ ಋಣ, ಆವೇಶಕ್ಕೂ ತೂಕಕ್ಕೂ ಇರುವ ಅನುಪಾತ ಎಲೆಕ್ಟ್ರಾನಿನದೇ.

ಆದರೆ ಡ್ರೂಡ ಚಿತ್ರದಲ್ಲಿ ಒಂದು ದೊಡ್ಡ ತೂತು ಇತ್ತು. ಎಲೆಕ್ಟ್ರಾನ್‌ಗಳು ಅನಿಲದಂತೆ ಇದ್ದರೆ, ಲೋಹವನ್ನು ಕಾಯಿಸಿದಾಗ ಅವೂ ಶಾಖ ಹೀರಬೇಕು. ಅಯಾನುಗಳು ಹೀರುವುದರ ಜೊತೆಗೆ ಇದೂ ಸೇರಿ ಲೋಹವನ್ನು ಬಿಸಿ ಮಾಡಲು ಜಾಸ್ತಿ ಶಾಖ ಬೇಕಾಗಬೇಕು. ಅಳೆದು ನೋಡಿದರೆ ಎಲೆಕ್ಟ್ರಾನ್‌ಗಳ ಪಾಲು ನಿರೀಕ್ಷೆಯ ನೂರರಲ್ಲಿ ಒಂದರಷ್ಟೂ ಕಷ್ಟ. ವಿದ್ಯುತ್ ಸಾಗಿಸುವಾಗ ಅಷ್ಟೊಂದು ಎಲೆಕ್ಟ್ರಾನ್‌ಗಳು ಹಾಜರು, ಶಾಖ ಹೀರುವಾಗ ಮಾತ್ರ ಎಲ್ಲ ಗೈರು!

ಈ ಗೈರುಹಾಜರಿಯ ಗುಟ್ಟನ್ನು ಅರ್ನಾಲ್ಡ್ ಸೊಮರ್‌ಫೆಲ್ಡ್ 1927ರ ಸುಮಾರಿಗೆ ಬಿಡಿಸಿದರು. ಬಳಸಿದ್ದು ಪೌಲಿಯ ಅದೇ ನಿಯಮವನ್ನು. ಒಂದು ಸಭಾಂಗಣವನ್ನು ಊಹಿಸಿಕೊಳ್ಳಿ, ಮೆಟ್ಟಿಲು ಮೆಟ್ಟಿಲಾಗಿ ಸೀಟುಗಳಿವೆ. ಮೇಲಿನ ಮೆಟ್ಟಿಲು ಅಂದರೆ ಹೆಚ್ಚು ಶಕ್ತಿ, ಒಂದು ಸೀಟಿಗೆ ಒಂದೇ ಎಲೆಕ್ಟ್ರಾನ್. ಕೆಳಗಿನ ಸಾಲಿನಿಂದ ಶುರುವಾಗಿ ಎಲ್ಲ ಭರ್ತಿ. ಕೆಳಗೆ ಕೂತವನಿಗೆ ಒಂದು ಮೆಟ್ಟಿಲು ಮೇಲೆ ಹೋಗು ಅಂದರೆ ಅಲ್ಲಿ ಸೀಟು ಖಾಲಿ ಇಲ್ಲ. ಎದ್ದು ಹೋಗಲು ಸಾಧ್ಯ ಇರುವುದು ತುಂಬಿದ ಸಾಲುಗಳ ಕೊನೆಯಲ್ಲಿ, ಖಾಲಿ ಸೀಟುಗಳ ಅಂಚಿನಲ್ಲಿ ಕೂತವರಿಗೆ ಮಾತ್ರ. ಕೋಣೆಯ ಉಷ್ಣತೆ ಕೊಡುವ ಶಕ್ತಿ ತೀರಾ ಸಣ್ಣದು. ಆ ಅಂಚಿನ ಕೆಲವರನ್ನಷ್ಟೇ ಅದು ಎಬ್ಬಿಸಬಲ್ಲದು. ಉಳಿದವರಿಗೆ ಶಾಖ ತಟ್ಟುವುದೇ ಇಲ್ಲ.

ಕೆಳಗಿನ ಸೀಟುಗಳು ಭರ್ತಿಯಾದ್ದರಿಂದ ಮೇಲಿನ ಸಾಲಿನಲ್ಲಿ ಕೂರಬೇಕಾದ ಎಲೆಕ್ಟ್ರಾನ್‌ಗಳ ವೇಗ ಕೇಳಿದರೆ ತಲೆ ತಿರುಗುತ್ತದೆ. ತಾಮ್ರದಲ್ಲಿ ಅದು ಸೆಕೆಂಡಿಗೆ ಸುಮಾರು 1,570 ಕಿಲೋಮೀಟರ್. ತಂತಿಗೆ ಯಾವ ಬ್ಯಾಟರಿಯನ್ನೂ ಜೋಡಿಸದೆ ಸುಮ್ನೆ ಮೇಜಿನ ಮೇಲಿಟ್ಟಾಗಲೂ ಅಷ್ಟೇ ವೇಗ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಓಡುವುದರಿಂದ ಒಟ್ಟಾರೆ ಎಲ್ಲೂ ಹೋಗುವುದಿಲ್ಲ. ಈಗ ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ 1 ಆಂಪಿಯರ್ ಹರಿಸಿ. ಆ ಎಲೆಕ್ಟ್ರಾನ್‌ಗಳ ಗುಂಪು ಒಟ್ಟಾರೆ ಮುಂದಕ್ಕೆ ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟಲು ಮೂರೂಮುಕ್ಕಾಲು ಗಂಟೆ! ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುವುದು ಸ್ವಿಚ್ಚಿನ ಬಳಿಯ ಎಲೆಕ್ಟ್ರಾನ್ ಓಡಿಬಂದು ತಲುಪಿದ್ದರಿಂದ ಅಲ್ಲ. ಸರಿಯಿರಿ ಎಂಬ ಸುದ್ದಿ ಸರಿಸುಮಾರು ಬೆಳಕಿನ ವೇಗದಲ್ಲಿ ತಂತಿಯುದ್ದಕ್ಕೂ ಹಬ್ಬುತ್ತದೆ, ಎಲ್ಲ ಕಡೆಯ ಎಲೆಕ್ಟ್ರಾನ್‌ಗಳೂ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ.

ಮೆಟ್ಟಿಲು ಸೀಟುಗಳ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಒಂಟಿ ಪರಮಾಣುವಿನಲ್ಲಿ ಶಕ್ತಿಯ ಮಟ್ಟಗಳು ಬಿಡಿಬಿಡಿ. ಎರಡು ಪರಮಾಣು ಹತ್ತಿರ ಬಂದರೆ ಒಂದು ಮಟ್ಟ ಎರಡಾಗಿ ಸೀಳುತ್ತದೆ. ಕೋಟಿ ಪರಮಾಣು ಬಂದರೆ ಕೋಟಿ ಮಟ್ಟ. ಅವುಗಳ ನಡುವಿನ ಅಂತರ ಎಷ್ಟು ಕಿರಿದು ಅಂದರೆ ಒಟ್ಟಾಗಿ ನೋಡಿದರೆ ಅಗಲವಾದ ಪಟ್ಟಿಯಂತೆ ಕಾಣುತ್ತದೆ. ಇದನ್ನು ಶಕ್ತಿಪಟ್ಟಿ ಅನ್ನೋಣ. ಪಟ್ಟಿ ಅರ್ಧ ತುಂಬಿದ್ದರೆ ಅಥವಾ ತುಂಬಿದ ಪಟ್ಟಿಯ ಮೇಲೆ ಖಾಲಿ ಪಟ್ಟಿ ಬಂದು ಮೈಚಾಚಿದ್ದರೆ ಎಲೆಕ್ಟ್ರಾನ್‌ಗೆ ಓಡಾಡಲು ಜಾಗ ಸಿಗುತ್ತದೆ. ಮೆಗ್ನೀಸಿಯಂ ಎರಡನೆಯ ಜಾತಿಯದು. ಅದರ ಹೊರಗಿನ ಎರಡು ಎಲೆಕ್ಟ್ರಾನ್‌ಗಳು ಒಂದು ಪಟ್ಟಿಯನ್ನು ಪೂರ್ತಿ ತುಂಬಬೇಕಿತ್ತು. ಆಗ ಮೆಗ್ನೀಸಿಯಂ ವಿದ್ಯುತ್ ಸಾಗಿಸಬಾರದು. ಆದರೆ ಮೇಲಿನ ಖಾಲಿ ಪಟ್ಟಿ ಇದರ ಮೇಲೆ ಒರಗಿಕೊಂಡಿದೆ, ದಾರಿ ತೆರೆದಿದೆ. ವಜ್ರದಲ್ಲಿ ತುಂಬಿದ ಪಟ್ಟಿಗೂ ಖಾಲಿ ಪಟ್ಟಿಗೂ ನಡುವೆ ಸುಮಾರು 5.5 ಎಲೆಕ್ಟ್ರಾನ್‌ವೋಲ್ಟಿನ ಕಂದಕ. ದಾಟುವವರಿಲ್ಲ. ಸಿಲಿಕಾನ್‌ನಲ್ಲಿ ಕಂದಕ 1.1, ಆಗೊಬ್ಬ ಈಗೊಬ್ಬ ಹಾರುತ್ತಾನೆ, ಅದು ಅರೆವಾಹಕ.

ಹೀಗಾಗಿ ಸಾಗರ ಎಂಬ ಮಾತನ್ನು ನಾನು ಬಳಸುತ್ತೇನೆ, ಆದರೆ ಅರ್ಧ ಮನಸ್ಸಿನಿಂದ. ನೀರು ಎಲ್ಲಿ ಬೇಕಾದರೂ ಹರಿಯುತ್ತದೆ. ಈ ಸಾಗರದ ಬಹುಪಾಲು ನೀರಿಗೆ ಅಲುಗಾಡಲೂ ಅನುಮತಿ ಇಲ್ಲ.

ಮತ್ತೆ ತಂತಿಗೆ

ಉಪ್ಪು ಒಡೆಯಿತು, ತಾಮ್ರ ಬಗ್ಗಿತು. ಈಗ ನೋಡೋಣ.

ಉಪ್ಪಿನ ಹರಳಿನಲ್ಲಿ ಧನ, ಋಣ, ಧನ, ಋಣ ಎಂದು ಚದುರಂಗದ ಮನೆಗಳಂತೆ ಅಯಾನುಗಳು ಕೂತಿವೆ. ಪೆಟ್ಟು ಬಿದ್ದು ಒಂದು ಪದರ ಒಂದೇ ಒಂದು ಮನೆ ಜರುಗಿತು ಅನ್ನಿ. ಧನದ ಎದುರು ಧನ, ಋಣದ ಎದುರು ಋಣ ಬಂದು ನಿಂತವು. ಇಷ್ಟು ಹೊತ್ತು ಅಪ್ಪಿಕೊಂಡಿದ್ದ ಪದರಗಳು ಒಂದನ್ನೊಂದು ಒದೆಯುತ್ತವೆ. ಹರಳು ಸೀಳುತ್ತದೆ. ತಾಮ್ರದಲ್ಲಿ ಪದರ ಜರುಗಿದರೆ ಅಯಾನು ಹಳೆಯ ನೆರೆಯವನ ಬದಲು ಹೊಸ ನೆರೆಯವನ ಪಕ್ಕ ಬರುತ್ತದೆ. ಇಬ್ಬರೂ ತಾಮ್ರವೇ. ನಡುವೆ ಅದೇ ಮೋಡ. ಬಂಧಕ್ಕೆ ದಿಕ್ಕಿನ ಹಟ ಇಲ್ಲದ್ದರಿಂದ ಏನೂ ಕೆಡಲಿಲ್ಲ.

ವಿವರಣೆ ಚೆನ್ನಾಗಿದೆ. ಆದರೆ ಇಷ್ಟೇ ಆಗಿದ್ದರೆ ತಂತಿಯನ್ನು ನಾನು ಬೆರಳಲ್ಲಿ ಬಗ್ಗಿಸಲು ಆಗುತ್ತಿರಲಿಲ್ಲ. ಒಂದು ಪದರದ ಕೋಟ್ಯಂತರ ಪರಮಾಣುಗಳನ್ನು ಒಟ್ಟಿಗೇ ಜರುಗಿಸಲು ಎಷ್ಟು ಬಲ ಬೇಕು ಅಂತ ಯಾಕೊವ್ ಫ್ರೆಂಕೆಲ್ 1926ರಲ್ಲಿ ಲೆಕ್ಕ ಹಾಕಿದರು. ಶುದ್ಧ ಲೋಹದ ಮೆತ್ತನೆಯ ಹರಳುಗಳು ನಿಜದಲ್ಲಿ ಜರುಗುವುದು ಅದರ ಸಾವಿರದ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಬಲಕ್ಕೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಏನು ಹೇಳೋಣ?

1934ರಲ್ಲಿ ಜೆಫ್ರಿ ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಪದರ ಒಟ್ಟಿಗೆ ಜರುಗುವುದೇ ಇಲ್ಲ. ಹರಳಿನೊಳಗೆ ಅಲ್ಲಲ್ಲಿ ಸಾಲು ತಪ್ಪಿದ ಜಾಗಗಳಿರುತ್ತವೆ: ಪರಮಾಣುಗಳ ಒಂದು ಸಾಲು ಅರ್ಧಕ್ಕೇ ನಿಂತುಹೋಗಿರುತ್ತದೆ. ಇದಕ್ಕೆ ಡಿಸ್‌ಲೊಕೇಶನ್ ಅನ್ನುತ್ತಾರೆ. ಕಂಬಳಿಹುಳು ನಡೆಯುವುದನ್ನು ನೋಡಿ. ಇಡೀ ಮೈಯನ್ನು ಒಮ್ಮೆಗೇ ಎಳೆಯುವುದಿಲ್ಲ. ಬೆನ್ನಿನ ಒಂದು ಗುಬ್ಬು ಹಿಂದಿನಿಂದ ಮುಂದಕ್ಕೆ ಸಾಗುತ್ತದೆ, ಅದು ಸಾಗಿ ಮುಗಿದಾಗ ಹುಳು ಒಂದು ಹೆಜ್ಜೆ ಮುಂದೆ ಬಂದಿರುತ್ತದೆ. ಡಿಸ್‌ಲೊಕೇಶನ್ ಆ ಗುಬ್ಬು. ಒಂದು ಸಲಕ್ಕೆ ಒಂದು ಸಾಲು ಬಂಧ ಬಿಡುತ್ತದೆ, ಪಕ್ಕದವರ ಜೊತೆ ಕೂಡಿಕೊಳ್ಳುತ್ತದೆ. ಎಲೆಕ್ಟ್ರಾನ್ ಮೋಡ ಇಬ್ಬರದೂ ಆದ್ದರಿಂದ ಬಿಡುವುದೂ ಸುಲಭ, ಕೂಡುವುದೂ ಸುಲಭ.

ಇದನ್ನು ಕಣ್ಣಾರೆ ಅಲ್ಲದಿದ್ದರೂ ಕೈಯಾರೆ ನೋಡಬಹುದು. ಸ್ವಲ್ಪ ದಪ್ಪನೆಯ ತಾಮ್ರದ ತಂತಿಯನ್ನು ಒಂದು ಜಾಗದಲ್ಲಿ ಬಗ್ಗಿಸಿ. ಈಗ ವಾಪಸ್ ನೇರ ಮಾಡಲು ಹೋಗಿ. ಬಗ್ಗಿದ ಜಾಗ ನೇರವಾಗುವುದಿಲ್ಲ. ಅದರ ಎರಡೂ ಪಕ್ಕ ಬಗ್ಗಿ, ನಡುವೆ ಒಂದು ಸೊಟ್ಟ ಗಂಟು ಉಳಿಯುತ್ತದೆ. ಬಗ್ಗಿಸಿದ ಜಾಗ ಗಟ್ಟಿಯಾಗಿಬಿಟ್ಟಿದೆ! ಬಗ್ಗಿಸುವಾಗ ಹೊಸ ಡಿಸ್‌ಲೊಕೇಶನ್‌ಗಳು ಸಾಲುಸಾಲಾಗಿ ಹುಟ್ಟುತ್ತವೆ. ಮೆತ್ತನೆಯ ಲೋಹದಲ್ಲಿ ಒಂದು ಚದರ ಸೆಂಟಿಮೀಟರಿನ ಅಡ್ಡಕೊಯ್ತವನ್ನು ದಾಟುವ ಅಂಥ ಗೆರೆಗಳು 10 ಲಕ್ಷದಿಂದ 10 ಕೋಟಿ. ಚೆನ್ನಾಗಿ ಬಡಿದ, ಬಗ್ಗಿಸಿದ ಲೋಹದಲ್ಲಿ ಲಕ್ಷ ಕೋಟಿಯವರೆಗೂ ಏರುತ್ತದೆ. ಇಕ್ಕಟ್ಟಾದ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡ ಹಾಗೆ ಅವು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಯಾವುದೂ ಸರಿಯುವುದಿಲ್ಲ. ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಪಟ್ ಅಂತ ತುಂಡಾಗುತ್ತದೆ.

ತುಂಡಾಗುವ ಮುಂಚೆಯೇ ಆ ಜಾಗವನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಆರಲು ಬಿಡಿ. ಪ್ಲಾಸ್ಟಿಕ್ ಪೂರ್ತಿ ಸುಲಿದಿರಲಿ, ಅದರ ಹೊಗೆ ಒಳ್ಳೆಯದಲ್ಲ. ಮೇಲ್ಮೈ ಕಪ್ಪಾಗಿರುತ್ತದೆ, ಆದರೆ ತಂತಿ ಮತ್ತೆ ಮೆತ್ತಗಾಗಿರುತ್ತದೆ. ಶಾಖಕ್ಕೆ ಪರಮಾಣುಗಳು ಕದಲಿ, ಹೊಸದಾಗಿ ಸಾಲು ಹಿಡಿದು ಕೂತಿವೆ, ಗಾಡಿಗಳ ಜಾಮ್ ಬಿಟ್ಟಿದೆ. ಲೋಹ ಬಡಿಯುವವರು ನಡುನಡುವೆ ಕಾಯಿಸುವುದು ಇದಕ್ಕೇ. ಅವರಿಗೆ ಡಿಸ್‌ಲೊಕೇಶನ್ ಅನ್ನುವ ಹೆಸರು ಗೊತ್ತಿರಲಿಲ್ಲ, ಕೆಲಸ ಸಾವಿರಾರು ವರ್ಷಗಳಿಂದ ಗೊತ್ತಿತ್ತು.

ಮಿಶ್ರಲೋಹದ ಗುಟ್ಟೂ ಇಲ್ಲೇ ಇದೆ. ತಾಮ್ರದ ಸಾಲಿನಲ್ಲಿ ಅಲ್ಲಲ್ಲಿ ತವರದ ಪರಮಾಣು ಬಂದು ಕೂತರೆ ಮೋಡಕ್ಕೆ ತಕರಾರಿಲ್ಲ, ಅದು ಯಾರನ್ನಾದರೂ ಸೇರಿಸಿಕೊಳ್ಳುತ್ತದೆ. ಆದರೆ ತವರ ದೊಡ್ಡದು. ಸಾಲು ಉಬ್ಬುತಗ್ಗಾಗುತ್ತದೆ, ಸಾಗಿಬಂದ ಡಿಸ್‌ಲೊಕೇಶನ್ ಅಲ್ಲಿ ಎಡವುತ್ತದೆ. ಮೆತ್ತಗಿನ ಎರಡು ಲೋಹ ಸೇರಿ ಗಟ್ಟಿ ಕಂಚು ಆಯಿತು. ಕಬ್ಬಿಣದ ಸಂದಿಗಳಲ್ಲಿ ಕಾರ್ಬನ್ ತೂರಿಕೊಂಡರೆ ಉಕ್ಕು. ಇದಕ್ಕೆ ಒಂದು ಬೆಲೆಯೂ ಇದೆ. ಸಾಲು ಕೆಟ್ಟಾಗ ಎಲೆಕ್ಟ್ರಾನ್ ಅಲೆಗಳೂ ಚದುರುತ್ತವೆ. ಮಿಶ್ರಲೋಹ ಸಾಮಾನ್ಯವಾಗಿ ಶುದ್ಧ ಲೋಹದಷ್ಟು ಚೆನ್ನಾಗಿ ವಿದ್ಯುತ್ ಸಾಗಿಸುವುದಿಲ್ಲ. ತಂತಿಗೆ ಶುದ್ಧ ತಾಮ್ರ, ಹೀಟರ್ ಸುರುಳಿಗೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್.

ಎಲ್ಲ ಲೋಹವೂ ಒಂದೇ ಅಲ್ಲ

ಸಾಗರಕ್ಕೆ ಎಲೆಕ್ಟ್ರಾನ್ ಜಾಸ್ತಿ ಸುರಿದಷ್ಟೂ ಬಂಧ ಬಿಗಿಯಾಗಬೇಕು ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಒಂದು ಎಲೆಕ್ಟ್ರಾನ್ ಕೊಡುವ ಸೋಡಿಯಂ 98 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಚಾಕುವಿನಲ್ಲಿ ಕೊಯ್ಯಬಹುದು. ಎರಡು ಕೊಡುವ ಮೆಗ್ನೀಸಿಯಂ 650ಕ್ಕೆ. ಸರಿ, ಮೂರು ಕೊಡುವ ಅಲ್ಯೂಮಿನಿಯಂ? 660. ಬರೀ ಹತ್ತು ಡಿಗ್ರಿ ಏರಿಕೆ. ಉದಾಹರಣೆಯನ್ನು ಮೆಗ್ನೀಸಿಯಂಗೇ ನಿಲ್ಲಿಸಿಬಿಡುವ ಪುಸ್ತಕಗಳಿವೆ, ಯಾಕೆ ಅಂತ ಈಗ ಗೊತ್ತಾಯಿತಲ್ಲ. ಎಣಿಕೆಯ ಜೊತೆ ಅಯಾನಿನ ಗಾತ್ರ, ಹರಳಿನ ಜೋಡಣೆ, ಕರಗಿದ ಮೇಲೂ ಉಳಿಯುವ ಬಂಧ ಎಲ್ಲ ಲೆಕ್ಕಕ್ಕೆ ಬರುತ್ತವೆ.

3,422 ಡಿಗ್ರಿಯವರೆಗೂ ಕರಗದ ಟಂಗ್‌ಸ್ಟನ್‌ನದ್ದು ಬೇರೆಯೇ ಕಥೆ. ಅದರಲ್ಲಿ ಹೊರಕವಚಕ್ಕಿಂತ ಒಂದು ಪದರ ಒಳಗಿರುವ ಎಲೆಕ್ಟ್ರಾನ್‌ಗಳೂ ಬಂಧಕ್ಕೆ ಇಳಿಯುತ್ತವೆ. ಅವು ಪೂರ್ತಿ ಹರಡಿಕೊಳ್ಳುವುದಿಲ್ಲ, ಸ್ವಲ್ಪ ದಿಕ್ಕಿನ ಹಟವನ್ನೂ ತರುತ್ತವೆ. ಬರೀ ಸಾಗರ ಅಲ್ಲ, ಸಾಗರದೊಳಗೆ ಕಟ್ಟಿದ ಹಗ್ಗಗಳೂ ಇವೆ ಅನ್ನಬಹುದು. ಅದಕ್ಕೇ ಅದು ಗಟ್ಟಿ, ಅದಕ್ಕೇ ತಾಮ್ರದಷ್ಟು ಸಲೀಸಾಗಿ ಬಗ್ಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಪಾದರಸ. ಆವರ್ತ ಕೋಷ್ಟಕದಲ್ಲಿ ಚಿನ್ನದ ಪಕ್ಕದ ಮನೆ. ಚಿನ್ನ 1,064 ಡಿಗ್ರಿಗೆ ಕರಗುತ್ತದೆ, ಪಾದರಸ ಸೊನ್ನೆಗಿಂತ 39 ಡಿಗ್ರಿ ಕೆಳಗೇ ಕರಗಿಬಿಡುತ್ತದೆ. ಪಾದರಸದ ನ್ಯೂಕ್ಲಿಯಸ್‌ನಲ್ಲಿ 80 ಪ್ರೋಟಾನ್‌ಗಳಿವೆ. ಅಷ್ಟು ಜೋರಾದ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 58. ಅಷ್ಟು ವೇಗದಲ್ಲಿ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತ ಲೆಕ್ಕಕ್ಕೆ ಬರುತ್ತದೆ. ಅದರ ಪರಿಣಾಮ ಹೊರಕವಚದವರೆಗೂ ಮುಟ್ಟಿ ಅಲ್ಲಿನ ಎರಡು ಎಲೆಕ್ಟ್ರಾನ್‌ಗಳೂ ಒಳಕ್ಕೆ ಕುಗ್ಗಿ, ನ್ಯೂಕ್ಲಿಯಸ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಸಾಗರಕ್ಕೆ ಇಳಿಯಲು ಅವಕ್ಕೆ ಮನಸ್ಸಿಲ್ಲ. ಪಾದರಸದಲ್ಲಿ ಒಂದು ಪರಮಾಣುವನ್ನು ಬಿಡಿಸಲು 0.7 ಎಲೆಕ್ಟ್ರಾನ್‌ವೋಲ್ಟ್ ಕೂಡ ಬೇಡ.

ಚಿನ್ನದ ಹಳದಿಗೂ ಇದೇ ಕಾರಣ. ಬಹುತೇಕ ಲೋಹಗಳಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹಿಂದಕ್ಕೆ ಎಸೆಯುತ್ತವೆ, ಅದಕ್ಕೆ ಬೆಳ್ಳಿಯಂಥ ಹೊಳಪು. ಚಿನ್ನದಲ್ಲಿ ಇದೇ ಸಾಪೇಕ್ಷತೆಯ ಕುಗ್ಗುವಿಕೆಯಿಂದ ಎರಡು ಶಕ್ತಿಪಟ್ಟಿಗಳ ಅಂತರ ಕಿರಿದಾಗಿದೆ. ನೀಲಿ ಬೆಳಕಿಗೆ ಆ ಅಂತರ ದಾಟಿಸುವಷ್ಟು ಶಕ್ತಿ ಇದೆ, ಹಾಗಾಗಿ ನೀಲಿ ಹೀರಲ್ಪಡುತ್ತದೆ. ಉಳಿದದ್ದು ಹಳದಿಯಾಗಿ ಕಾಣುತ್ತದೆ.

ಎರಡು ತುಂಡು, ಒಂದು ತುಂಡು

ಎಲೆಕ್ಟ್ರಾನ್‌ಗಳು ಯಾರ ಸ್ವತ್ತೂ ಅಲ್ಲ ಅಂದರೆ ಇನ್ನೊಂದು ಪ್ರಶ್ನೆ ಏಳಬೇಕು. ಎರಡು ತಾಮ್ರದ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ, ಈ ಕಡೆಯ ಮೋಡ ಆ ಕಡೆಗೂ ಹರಡಿ ಎರಡೂ ಒಂದಾಗಬೇಕಲ್ವಾ? ಒಂದಾಗಲೇಬೇಕು, ಮತ್ತು ಆಗುತ್ತವೆ ಕೂಡ. ಕೊಳೆ ಇಲ್ಲದ ನುಣುಪಾದ ಲೋಹದ ಮೇಲ್ಮೈಗಳನ್ನು ಗಾಳಿಯಿಲ್ಲದ ಕಡೆ ಒತ್ತಿದರೆ ಬೆಂಕಿಯೂ ಬೇಡ, ಕರಗಿಸುವುದೂ ಬೇಡ, ಬೆಸೆದುಕೊಳ್ಳುತ್ತವೆ. ಇದಕ್ಕೆ ತಣ್ಣನೆಯ ಬೆಸುಗೆ ಅನ್ನಬಹುದು.

ಬಾಹ್ಯಾಕಾಶದಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾದ ತಲೆನೋವು. ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯ ಕೊಡೆಯಂಥ ದೊಡ್ಡ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಅದರ ಕೆಲವು ಕಡ್ಡಿಗಳು ನಡುಗಂಬಕ್ಕೆ ಕಚ್ಚಿಕೊಂಡಿದ್ದವು. ಜಾರಲು ಹಚ್ಚಿದ್ದ ಲೇಪ ಸವೆದು ಲೋಹಕ್ಕೆ ಲೋಹ ಅಂಟಿತ್ತು ಎಂದು ತಜ್ಞರು ಅಂದಾಜಿಸಿದರು. ಕೊನೆಗೂ ಚಿಕ್ಕ ಆಂಟೆನಾದಿಂದಲೇ ಕೆಲಸ ಸಾಗಿಸಬೇಕಾಯಿತು.

ನನ್ನ ಮೇಜಿನ ಮೇಲಿನ ತಂತಿ ಈಗ ಎರಡು ತುಂಡಾಗಿದೆ, ಬಗ್ಗಿಸಿ ಬಗ್ಗಿಸಿ ನಾನೇ ಮುರಿದದ್ದು. ತುದಿಗೆ ತುದಿ ಇಟ್ಟು ಎಷ್ಟು ಒತ್ತಿದರೂ ಕೂಡುತ್ತಿಲ್ಲ. ಮುರಿದ ಕ್ಷಣದಲ್ಲೇ ಗಾಳಿಯ ಆಮ್ಲಜನಕ ಬಂದು ಎರಡೂ ತುದಿಗಳ ಮೇಲೆ ಕೂತುಬಿಟ್ಟಿದೆ. ಮುರಿದ ಮೇಲ್ಮೈ ಏರುತಗ್ಗು ಬೇರೆ, ನಿಜವಾಗಿ ತಾಗುವುದು ಎಲ್ಲೋ ಒಂದೆರಡು ಚುಕ್ಕಿ ಜಾಗ. ಕೆಲವೇ ಪರಮಾಣುಗಳಷ್ಟು ದಪ್ಪದ ಆ ಪೊರೆಯ ಆಚೆಗೊಂದು ಮೋಡ, ಈಚೆಗೊಂದು ಮೋಡ.